ತೊಟ್ಟಿಗಿಳಿಯುವ ಮೊದಲು ಒಂದು ಫೋನು

ಲೋಹಿತಾ ಏಳೆಂಟು ಕೆರೆಗಳಿಗೆ ನೀರು ಬಿಡುವವಳು. ಆದರೆ ಅವುಗಳಲ್ಲಿ ಒಂದನ್ನೂ ಅವಳು ಕಣ್ಣಾರೆ ಕಂಡಿರಲಿಲ್ಲ. ಮಧುಗಿರಿಯ ಸಂತೆ ಬೀದಿಯಲ್ಲಿ ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ. ಅದರಲ್ಲಿ ಎರಡು ಕಂಪ್ಯೂಟರು, ಗೋಡೆಗೆ ಒಂದು ದೊಡ್ಡ ಪರದೆ, ಒಂದು ನೀರಿನ ಕ್ಯಾನು. ಕೆರೆ ತುಂಬಿಸುವ ಯೋಜನೆಯನ್ನು ಗುತ್ತಿಗೆಗೆ ಹಿಡಿದ ಕಂಪನಿಯೊಂದು ಅವಳನ್ನು ಅಲ್ಲಿ ಕೂರಿಸಿತ್ತು. ಹಗಲಿನ ಪಾಳಿ ಅವಳೊಬ್ಬಳದೇ.

ಪಂಪ್‌ಹೌಸ್ ಇರುವುದು ಕಳ್ಳಂಬೆಳ್ಳದಿಂದ ಒಳಗೆ, ಹಳ್ಳದ ಪಕ್ಕದಲ್ಲಿ. ಅಲ್ಲಿಂದ ಆಳೆತ್ತರದ ಪೈಪು ಗುಡ್ಡ ಹತ್ತಿ, ತುದಿಯಲ್ಲಿ ಒಂದು ಸಿಮೆಂಟು ತೊಟ್ಟಿಗೆ ಬಾಯಿ ತೆರೆಯುತ್ತದೆ. ತೊಟ್ಟಿಯಲ್ಲಿ ನೀರಿನ ರಭಸ ಇಳಿದ ಮೇಲೆ ಅದು ಕಾಲುವೆ ಹಿಡಿದು ಕೆರೆಗಳಿಗೆ ಹರಿಯುತ್ತದೆ. ಪಂಪ್‌ಹೌಸಿನಲ್ಲಿ ಒಂದು ಸಣ್ಣ ಲಿನಕ್ಸ್ ಸರ್ವರ್ ಇದೆ. ಅದಕ್ಕೆ ಎರಡು ನೆಟ್‌ವರ್ಕ್ ಕಾರ್ಡುಗಳು. ಒಂದು ಲೋಹಿತಾಳ ಕೋಣೆಯ ಕಡೆಗೆ, ಇನ್ನೊಂದು ಪಂಪಿನ ಪ್ಯಾನೆಲ್ಲಿನ ಕಡೆಗೆ. ಲೋಹಿತಾ ಮಧುಗಿರಿಯಲ್ಲಿ ಕುಳಿತು ಟೈಪ್ ಮಾಡಿದ ಮಾತು ಮೊದಲನೇ ಬಾಗಿಲಿನಿಂದ ಒಳಗೆ ಹೋಗಿ ಎರಡನೆಯದರಿಂದ ಪಂಪಿಗೆ ಮುಟ್ಟುತ್ತದೆ. ಯಾವಾಗ ಪಂಪು ಓಡಬೇಕು ಎಂಬ ವೇಳಾಪಟ್ಟಿ ಮಾತ್ರ ಪ್ಯಾನೆಲ್ಲಿನೊಳಗೇ ಇದೆ. ನೆಟ್‌ವರ್ಕ್ ಕೈಕೊಟ್ಟರೂ ಕೆರೆಗಳಿಗೆ ನೀರು ತಪ್ಪಬಾರದೆಂದು ಹಾಗೆ ಮಾಡಿದ್ದರು.

ಲೋಹಿತಾ ಹುಟ್ಟಿದ್ದು ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲಿನ ಪಕ್ಕದ ಹಳ್ಳಿಯಲ್ಲಿ. ಅಪ್ಪ ಕೆಂಪಯ್ಯ, ಅವ್ವ ಓಬಳಮ್ಮ. ಈಗ ಅವರ ಹೊಲದ ತುಂಬ ಸೋಲಾರ್ ಹಲಗೆಗಳು ನಿಂತಿವೆ. ಅವಳು ಚಿಕ್ಕವಳಿದ್ದಾಗ ಅಲ್ಲಿ ಕಡಲೆಕಾಯಿ ಇತ್ತು, ಒಂದು ಬೋರು ಇತ್ತು. ಸ್ಟಾರ್ಟರ್ ಒತ್ತುವುದು ಅವಳ ಕೆಲಸ. ಕೆಂಪು ಗುಂಡಿ ಒತ್ತಿದ ತಕ್ಷಣ ಹಸಿರಿಗೆ ಕೈ ಹಾಕಿದರೆ ಅಪ್ಪ ದೂರದಿಂದಲೇ ಕೂಗುತ್ತಿದ್ದ.

"ತಾಳಮ್ಮಾ, ತಾಳು! ಯಾಕೆ ಅವಸರ? ನೀರು ಕೆಳಿಕ್ಕಿಳೀಲಿ. ಮೋಟ್ರು ಸುಟ್ರೆ ನಿಮ್ಮ ತಾತ ಬಂದು ಎತ್ತುತಾನಾ?"

ಅಪ್ಪನ ಮಾತು ಸರಿಯಾದದ್ದೇ. ಮೋಟಾರು ನಿಂತಾಗ ಪೈಪಿನಲ್ಲಿ ಮೇಲೇರಿದ್ದ ನೀರು ಹಿಂದಕ್ಕಿಳಿಯುತ್ತದೆ, ಇಳಿಯುತ್ತಾ ಮೋಟಾರನ್ನು ಹಿಮ್ಮುಖವಾಗಿ ತಿರುಗಿಸುತ್ತದೆ. ಆಗಲೇ ಕರೆಂಟು ಕೊಟ್ಟರೆ ಒಳಗಿನ ಶಾಫ್ಟ್ ಮುರಿಯಬಹುದು. ಇದರ ಕಾರಣ ಅವಳಿಗೆ ತಿಳಿದದ್ದು ಶಿರಾದಲ್ಲಿ ಬಿಎಸ್ಸಿ ಓದುವಾಗ. ಅಭ್ಯಾಸ ಮಾತ್ರ ಅದಕ್ಕೂ ಎಷ್ಟೋ ಮೊದಲೇ ಬೆರಳಿಗೆ ಹತ್ತಿತ್ತು. ಮಿಕ್ಸಿ, ಫ್ಯಾನು, ಮೋಡೆಮ್, ಏನೇ ಆಗಲಿ: ಆರಿಸು, ತಾಳು, ಆಮೇಲೆ ಹಾಕು.

ಸ್ವಭಾವದಲ್ಲಿ ಅವಳು ಅಂಜುಬುರುಕಿ. ಗ್ಯಾಸ್ ಆರಿಸಿ ಬೀಗ ಹಾಕಿ ಮೆಟ್ಟಿಲಿಳಿದವಳು ಮತ್ತೆ ಹತ್ತಿ ನೋಡುತ್ತಿದ್ದಳು. ಈ ಕೆಲಸಕ್ಕೆ ಅಂಥವಳೇ ಬೇಕು ಎಂದು ಅವಳನ್ನು ತೆಗೆದುಕೊಂಡ ಎಂಜಿನಿಯರು ಹೇಳಿದ್ದರು.

ಕುರಿಯವರ ಫೋನು ಶುರುವಾದದ್ದು ಹೇಗೆಂದು ಕಂಪನಿಗೆ ಗೊತ್ತಿರಲಿಲ್ಲ. ಪಂಪ್‌ಹೌಸಿನ ಕಾವಲುಗಾರ ಭೀಮರಾಜು ಅವಳ ನಂಬರನ್ನು ರಾಜಣ್ಣನಿಗೆ ಕೊಟ್ಟಿದ್ದ. ರಾಜಣ್ಣ, ಅವನ ಹೆಂಡತಿ ಗಂಗಾಲಕ್ಷ್ಮಿ ಗುಡ್ಡದ ಕೆಳಗಿನ ಹಟ್ಟಿಯವರು, ಕುರಿ ಸಾಕುವವರು. ಉಣ್ಣೆಗಾಗಿ ತುಪ್ಪಟ ಕತ್ತರಿಸುವ ಮೊದಲು ಕುರಿಗಳನ್ನು ತೊಳೆಯಬೇಕು. ಕೆರೆಯ ಅಂಚಿನಲ್ಲಿ ತೊಳೆದರೆ ಮೇಲೇರುವಷ್ಟರಲ್ಲಿ ಕೆಸರು ಮೆತ್ತಿಕೊಳ್ಳುತ್ತದೆ. ಸಿಮೆಂಟು ತೊಟ್ಟಿಯಲ್ಲಾದರೆ ಬೆಳಗಿನ ಪಂಪಿನ ನೀರು ಎದೆಮಟ್ಟ ನಿಂತಿರುತ್ತದೆ, ತಿಳಿಯಾಗಿ. ಪೈಪಿನ ಬಾಯಿಯ ನೇರ ಕೆಳಗೆ ಪಾಚಿ ಕಟ್ಟದ ಕಾರಣ ಕಾಲೂ ಜಾರುವುದಿಲ್ಲ. ಅಲ್ಲೇ ನಿಂತು ತೊಳೆಯುತ್ತಾರೆ.

ಇಳಿಯುವ ಮೊದಲು ರಾಜಣ್ಣ ಫೋನು ಮಾಡುತ್ತಾನೆ. ಲೋಹಿತಾ ಪ್ಯಾನೆಲ್ಲಿಗೆ ತಡೆ ಹಾಕುತ್ತಾಳೆ. ತಡೆ ಬಿದ್ದರೆ ಸರದಿ ಬಂದರೂ ಪಂಪು ಎದ್ದೇಳುವುದಿಲ್ಲ. ಆಮೇಲೆ "ಇಳೀರಿ" ಎನ್ನುತ್ತಾಳೆ. ಯಾವ ಆದೇಶದಲ್ಲೂ ಇಲ್ಲದ ಈ ಏರ್ಪಾಡು ಮೂರು ವರ್ಷ ನಡೆದಿತ್ತು. ಆ ಗಂಡಹೆಂಡಿರ ಮುಖ ಅವಳು ನೋಡಿರಲಿಲ್ಲ. ರಾಜಣ್ಣನ ಸ್ವರ ಗೊತ್ತಿತ್ತು, ಅದರ ಹಿಂದೆ ಯಾವಾಗಲೂ ಯಾವುದಾದರೂ ಟಗರನ್ನು ಬಯ್ಯುತ್ತಿರುವ ಹೆಣ್ಣುದನಿ ಗೊತ್ತಿತ್ತು.

ಆ ದಿನ ಮಧ್ಯಾಹ್ನ ಅವಳು ಬುತ್ತಿ ಮುಗಿಸಿ ಡಬ್ಬಿ ತೊಳೆಯುವಾಗ ಫೋನು ಬಂತು.

"ಲೋಹಿತಮ್ಮ, ಉಂಡ್ಯೇನವ್ವ? ಇವತ್ತು ತೊಳೆಯಾಣ ಅಂತ. ನಾಡಿದ್ದು ಕತ್ತರಿಯೋರು ಬತ್ತಾರೆ."

"ಎಲ್ಲಾ ಕುರೀನೂ ಇವತ್ತೇ ತೊಳೀತೀರಾ?"

"ನಮ್ಮೋಳು ಒಂದೊಂದನ್ನೂ ಮದುಮಗಳ ತರ ಉಜ್ತಾಳೆ. ನಂಗೇ ಅಂಗೆ ಯಾವತ್ತೂ ಬೆನ್ನುಜ್ಜಿಲ್ಲ."

ಹಿಂದಿನಿಂದ ಗಂಗಾಲಕ್ಷ್ಮಿಯ ದನಿ ಬಂತು. "ನಿನ್ ಮೈಯಾಗೆ ತುಪ್ಪಟ ಬೆಳೀಲಿ, ಉಜ್ತೀನಿ!"

ಲೋಹಿತಾ ನಕ್ಕಳು. ಕೈ ಒದ್ದೆಯಿತ್ತು. ತಡೆ ಹಾಕುವುದು ಎರಡು ಸಾಲಿನ ಕೆಲಸ, ಎಂದೂ ತಪ್ಪಿದ್ದಿಲ್ಲ. "ಇಳೀರಿ ರಾಜಣ್ಣ, ನಾನು ಹಾಕ್ತೀನಿ" ಎಂದು ಫೋನಿಟ್ಟಳು.

ಕೈ ಒರೆಸಿಕೊಂಡು ಬಂದು ಸರ್ವರ್‌ಗೆ ಲಾಗಿನ್ ಆದಳು. ತಡೆಯ ಆಜ್ಞೆ ಕೊಟ್ಟಳು. ಪ್ಯಾನೆಲ್ ಉತ್ತರಿಸುತ್ತಿಲ್ಲ ಎಂದು ಬಂತು. ಮತ್ತೊಮ್ಮೆ ಕೊಟ್ಟಳು. ಮತ್ತೆ ಅದೇ.

ಮುಂದಿನ ಸರದಿ ಎರಡು ಗಂಟೆಗೆ. ಇನ್ನೂ ಅರ್ಧ ಗಂಟೆಯ ಮೇಲಿತ್ತು. ಹೆದರುವಂಥದ್ದೇನಲ್ಲ ಎಂದುಕೊಂಡಳು. ಪ್ಯಾನೆಲ್ಲಿನ ಕಡೆಯ ಕಾರ್ಡು ಹೀಗೆ ಸುಮ್ಮನಾಗುವುದು ಹಿಂದೆಯೂ ಆಗಿತ್ತು. ಅದೊಂದನ್ನು ಆರಿಸಿ, ಸ್ವಲ್ಪ ತಾಳಿ, ಮತ್ತೆ ಎಬ್ಬಿಸಿದರೆ ಸರಿಹೋಗುತ್ತಿತ್ತು. ಹಾಗೇ ಮಾಡಿದಳು. ಈ ಸಲ ಸರಿಹೋಗಲಿಲ್ಲ.

ರಾಜಣ್ಣನಿಗೆ ಫೋನು ಮಾಡಿ ಮೇಲೆ ಹತ್ತಿಸೋಣವೆಂದು ಅವಳಿಗೆ ಆಗಲೇ ಅನ್ನಿಸಿತ್ತು. ಆದರೆ ಕೈ ಕೀಬೋರ್ಡಿನ ಮೇಲಿತ್ತು. ಇನ್ನೊಂದು ದಾರಿ ಉಳಿದಿತ್ತು: ಒಂದು ಕಾರ್ಡನ್ನಲ್ಲ, ಸರ್ವರ್‌ನ ನೆಟ್‌ವರ್ಕನ್ನು ಇಡಿಯಾಗಿ ಹೊಸದಾಗಿ ಶುರುಮಾಡುವುದು. ಅದಕ್ಕೆ ರೀಸ್ಟಾರ್ಟ್ ಎಂಬ ಒಂದೇ ಆಜ್ಞೆ ಇದೆ. ಅದನ್ನು ಕೊಟ್ಟರೆ ಸರ್ವರ್ ತಾನೇ ಆರಿಸಿ ತಾನೇ ಹಾಕಿಕೊಳ್ಳುತ್ತದೆ. ಆರುವುದಕ್ಕೂ ಏಳುವುದಕ್ಕೂ ನಡುವೆ ಬಿಡುವಿಲ್ಲದ ಆ ಆಜ್ಞೆಯನ್ನು ಅವಳ ಬೆರಳುಗಳು ಎಂದೂ ನಂಬಿರಲಿಲ್ಲ. ಅವಳು ಸ್ಟಾಪ್ ಎಂದು ಮಾತ್ರ ಟೈಪ್ ಮಾಡಿ ಎಂಟರ್ ಒತ್ತಿದಳು. ತಾಳಿದಳು. ಆಮೇಲೆ ಸ್ಟಾರ್ಟ್ ಎಂದು ಟೈಪ್ ಮಾಡಿದಳು.

ಅಕ್ಷರಗಳು ಮೂಡಲಿಲ್ಲ.

ಅವಳು ಇನ್ನೊಂದು ಕೀಲಿ ಒತ್ತಿದಳು. ಕರ್ಸರ್ ಇದ್ದಲ್ಲೇ ಇತ್ತು. ಆಗ ಅವಳಿಗೆ ತಾನೇನು ಮಾಡಿದೆನೆಂದು ತಿಳಿಯಿತು. ಪ್ಯಾನೆಲ್ಲಿನ ಕಡೆಯ ಕಾರ್ಡನ್ನು ಆರಿಸಿದಾಗ ಅವಳ ಮಾತು ಇನ್ನೊಂದು ಬಾಗಿಲಿನಿಂದ ಹೋಗುತ್ತಿತ್ತು. ಈಗ ಎರಡೂ ಬಾಗಿಲು ಮುಚ್ಚಿದ್ದವು. 'ಸ್ಟಾರ್ಟ್' ಎಂದು ಹೇಳುವುದಕ್ಕೂ ಒಳಗೆ ಹೋಗಬೇಕು, ಹೋಗುವ ದಾರಿಯನ್ನು ಅವಳೇ ಮುಚ್ಚಿಸಿದ್ದಳು. ಸರ್ವರ್ ಕೆಟ್ಟಿರಲಿಲ್ಲ, ಬಿದ್ದಿರಲಿಲ್ಲ. ಬೀಗ ಹಾಕಿದ ಪಂಪ್‌ಹೌಸಿನಲ್ಲಿ, ಹೇಳಿದ ಕೆಲಸ ಮಾಡಿ ಮುಗಿಸಿ, ಮುಂದಿನ ಮಾತಿಗೆ ಕಾಯುತ್ತಿತ್ತು. ಪ್ಯಾನೆಲ್ಲಿನ ಗಡಿಯಾರ ಮಾತ್ರ ಯಾರಿಗೂ ಕಾಯದೆ ಓಡುತ್ತಿತ್ತು.

ಅವಳು ಗೋಡೆಯ ಪರದೆ ನೋಡಿದಳು. ಅಲ್ಲಿ 'ಪಂಪ್ ನಿಂತಿದೆ' ಎಂಬ ಅಕ್ಷರಗಳು ಹಸಿರಾಗಿ, ಶಾಂತವಾಗಿ ಹೊಳೆಯುತ್ತಿದ್ದವು. ಅದು ಕೊನೆಯ ಬಾರಿ ಬಂದ ಸುದ್ದಿ. ಇನ್ನು ಮುಂದೆ ಪಂಪು ಓಡಿದರೂ ಆ ಪರದೆ ಹಾಗೆಯೇ ಹಸಿರಾಗಿರುತ್ತದೆ.

ರಾಜಣ್ಣನ ನಂಬರಿಗೆ ಹೊಡೆದಳು. ರಿಂಗ್ ಆಯಿತು, ಆಗುತ್ತಲೇ ಇತ್ತು, ನಿಂತಿತು. ಮತ್ತೆ ಹೊಡೆದಳು. ಅಂಗಿ ಬಿಚ್ಚಿ, ಅದರೊಳಗೆ ಫೋನು ಸುತ್ತಿ, ಗಿಡದ ಬುಡದಲ್ಲಿಟ್ಟು ನೀರಿಗಿಳಿಯುತ್ತಾನೆಂದು ಅವನೇ ಒಮ್ಮೆ ಹೇಳಿದ್ದ. ಅವರಿಬ್ಬರಿಗೂ ಅದೊಂದೇ ಫೋನು. ಕುರಿಗಳ ಗದ್ದಲದಲ್ಲಿ ಅದು ಕೇಳಿಸುವುದು ಹೇಗೆ?

ಭೀಮರಾಜುವಿಗೆ ಫೋನು ಹೊಡೆದಳು. ಅವನು ಎತ್ತಿದ.

"ಭೀಮರಾಜಣ್ಣ, ಎಲ್ಲಿದ್ದೀರಿ? ಪಂಪ್‌ಹೌಸಿಗೆ ಹೋಗಿ ಮೇನ್ ಸ್ವಿಚ್ ಎಳೀರಿ. ಈಗಲೇ."

"ನಾನಾ? ನಾನು ಕೊರಟಗೆರೆ ಬಸ್‌ಸ್ಟ್ಯಾಂಡ್ನಾಗಿವ್ನಿ ಕಣಮ್ಮ. ಮಗಳ ಮನೇಗ್ ಬಂದೆ. ಬೀಗದ ಕೈ ನನ್ ಜೇಬ್ನಾಗೈತೆ. ಏನಾಯ್ತು?"

ಅವಳು ಹೇಳಿದಳು. ಅವನ ಸುತ್ತ ಬಸ್ಸಿನ ಹುಡುಗರು ಮಧುಗಿರಿ, ಮಧುಗಿರಿ ಎಂದು ಕೂಗುತ್ತಿದ್ದರು.

"ತೊಟ್ಟಿ ಹತ್ರ ಯಾರನ್ನಾದ್ರೂ ಓಡಿಸಿ ಅಣ್ಣ. ಹಟ್ಟಿಯೋರ್ನ."

"ಹಟ್ಟಿಯಿಂದ ಗುಡ್ಡ ಹತ್ತಾಕೆ ಮುಕ್ಕಾಲು ಗಂಟೆ ಬೇಕು ತಾಯಿ. ಆಗಲ್ಲ ಅದು. ತಡಿ. ಕರೆಂಟ್ ಸ್ಟೇಷನ್ನಿಗೆ ಹೊಡಿ. ನಮ್ ಪಂಪಿಗೆ ಬರೋದು ಬ್ಯಾರೆ ಲೈನು. ಅದ್ನೇ ತೆಗ್ಸು. ಜಯಕುಮಾರ್ ಅಂತ ಡ್ಯೂಟಿಯಾಗಿರ್ತಾನೆ, ನಂಬರ್ ಬರ್ಕೊ."

ಅವನು ಹೇಳಿದ ಅಂಕಿಗಳನ್ನು ಅವಳು ಅಂಗೈ ಮೇಲೆ ಬರೆದುಕೊಂಡಳು. ಅವಸರದ ಬರಹದಲ್ಲಿ ಒಂದು ಅಂಕಿ ಒಂದೋ ಏಳೋ ತಿಳಿಯದಂತಾಯಿತು. ಏಳೆಂದು ಹೊಡೆದಳು. ಅದು ಯಾರೋ ಮುದುಕಿಗೆ ಹೋಯಿತು. ಒಂದೆಂದು ಹೊಡೆದಳು. ಸ್ಟೇಷನ್ನಿನ ಫೋನು ಮಾತಿನಲ್ಲಿತ್ತು. ಮತ್ತೆ ಹೊಡೆದಳು, ಇನ್ನೂ ಮಾತಿನಲ್ಲಿತ್ತು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಕ್ಯಾನು ಪಕ್ಕದಲ್ಲೇ ಇದ್ದರೂ ನೀರು ಕುಡಿಯಲು ಧೈರ್ಯ ಬರಲಿಲ್ಲ, ಆ ನಡುವೆ ಫೋನು ಬಂದುಬಿಟ್ಟರೆ ಎಂದು.

ಪೈಪಿನಲ್ಲಿ ನೀರು ಹೇಗೆ ಬರುತ್ತದೆಂದು ಅವಳಿಗೆ ಓದಿ ಗೊತ್ತಿತ್ತು. ಮೊದಲು ಗಾಳಿ ನುಗ್ಗುತ್ತದೆ. ಅದರ ಹಿಂದೆ ಆಳೆತ್ತರದ ಬಾಯಿ ತುಂಬ ನೀರು. ಅದರ ಕೆಳಗೆ ನಿಂತವರನ್ನು ಅದು ಎದುರಿನ ಸಿಮೆಂಟು ಗೋಡೆಗೆ ಅಪ್ಪಳಿಸುತ್ತದೆ, ಅಲ್ಲಿಂದ ಕಾಲುವೆಯ ಕಬ್ಬಿಣದ ಜಾಲರಿಗೆ ಎಳೆಯುತ್ತದೆ. ಎಷ್ಟು ರಭಸದಲ್ಲಿ ಎಂದು ಲೆಕ್ಕ ಹಾಕುವ ಸೂತ್ರವೂ ಅವಳಿಗೆ ಗೊತ್ತಿತ್ತು. ಬೇಡವೆಂದರೂ ಮನಸ್ಸು ಲೆಕ್ಕ ಹಾಕತೊಡಗಿತು. ಅವಳು ಕಣ್ಣು ಮುಚ್ಚಿ ಮತ್ತೆ ನಂಬರು ಒತ್ತಿದಳು.

ಈ ಸಲ ಎತ್ತಿದರು. ಅವಳು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಬೇಸತ್ತ ಸ್ವರ ಬಂತು. "ಹೊಲಕ್ಕೆ ತ್ರೀ ಫೇಸ್ ಕರೆಂಟು ನಾಲ್ಕು ಗಂಟೆಗೆ ಕಣಮ್ಮ. ಎಷ್ಟ್ ಜನಕ್ ಹೇಳಾನಾ? ಊರಿಗೆಲ್ಲಾ ಹೇಳ್ಬುಡಿ."

"ಸಾರ್, ಕರೆಂಟ್ ಕೊಡಿ ಅಂತಲ್ಲ. ತೆಗೀರಿ ಅಂತ."

"ಏನಂದ್ರಿ?"

"ಕೆರೆ ಪಂಪಿನ ಲೈನ್ ತೆಗೀರಿ. ಮಧುಗಿರಿ ಕಂಟ್ರೋಲ್ ರೂಮಿಂದ ಮಾತಾಡ್ತಿದ್ದೀನಿ, ಲೋಹಿತಾ ಅಂತ."

"ನಾನಿಲ್ಲಿ ಸೇರಿ ಇಷ್ಟು ವರ್ಷಕ್ಕೆ ತೆಗೀರಿ ಅಂತ ಕೇಳ್ದೋರು ನೀವೇ ಮೊದಲು" ಎಂದು ಜಯಕುಮಾರ್ ನಕ್ಕ. ಆಮೇಲೆ ಗಂಭೀರನಾದ. "ಅಂಗೆಲ್ಲಾ ಫೋನ್ ಮೇಲೆ ತೆಗ್ಯಾಕಾಗಲ್ಲಮ್ಮ. ಲೈನ್‌ಮ್ಯಾನ್ ಕೇಳ್ಬೇಕು, ಬರ್ಕೊಬೇಕು. ನೀವ್ಯಾರು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ನಾಳೆ ನನ್ ಕೆಲ್ಸ ಹೋದ್ರೆ?"

ಕೋಣೆಯ ಗಡಿಯಾರದ ದೊಡ್ಡ ಮುಳ್ಳು ನೆಟ್ಟಗೆ ನಿಲ್ಲಲು ಒಂದು ಬೆರಳಿನಷ್ಟು ಬಾಕಿ ಇತ್ತು.

"ಸಾರ್, ತೊಟ್ಟಿಯೊಳಗೆ ಕುರಿ ತೊಳೀತಾ ಇದ್ದಾರೆ. ಗಂಡಹೆಂಡ್ತಿ. ಪೈಪಿನ ಬಾಯಿ ಕೆಳಗೆ. ನಾನೇ ಇಳೀರಿ ಅಂದೆ. ತಡೆ ಹಾಕೋಕೆ ಮೊದಲೇ ಅಂದ್ಬಿಟ್ಟೆ. ಈಗ ಪಂಪ್ ನಿಲ್ಲಿಸೋಕೆ ನನ್ನ ಕೈಲಾಗ್ತಿಲ್ಲ. ಎರಡು ಗಂಟೆಗೆ ಅದು ತಾನೇ ಏಳುತ್ತೆ."

ಆ ಕಡೆ ಕುರ್ಚಿ ಸರಿದ ಸದ್ದು. "ಹಿಡ್ಕೊಂಡಿರಿ" ಎಂದ. ಫೋನನ್ನು ಮೇಜಿನ ಮೇಲೆ ಇಟ್ಟಿರಬೇಕು. ಚಪ್ಪಲಿ ಓಡಿದ ಸದ್ದು ದೂರವಾಯಿತು. ಆಮೇಲೆ ಏನೂ ಇಲ್ಲ. ಆಮೇಲೆ ಫೋನೇ ಕಡಿದುಹೋಯಿತು.

ಎರಡು ಗಂಟೆಯಾಯಿತು. ದಾಟಿತು.

ಅವಳಿಗೆ ತಿಳಿಯುವ ದಾರಿಯೇ ಇರಲಿಲ್ಲ. ಅವನು ತೆಗೆದನೋ, ಮೇಲಿನವರನ್ನು ಕೇಳಲು ಹೋದನೋ, ಬೇರೆ ಲೈನು ತೆಗೆದನೋ. ಪರದೆಯ ಮೇಲೆ ಪಂಪ್ ನಿಂತಿದೆ ಎಂದೇ ಇತ್ತು. ಕೆಳಗೆ ಗೊಬ್ಬರದಂಗಡಿಯಲ್ಲಿ ಯಾರೋ ಯೂರಿಯಾ ಮೂಟೆ ಎತ್ತಿ ಹಾಕುತ್ತಾ ಲೇ, ಮೆಲ್ಲಗೆ ಕಣ್ಲಾ ಎಂದು ಕೂಗುತ್ತಿದ್ದರು. ಲೋಹಿತಾ ರಾಜಣ್ಣನ ನಂಬರು ಒತ್ತಿದಳು. ರಿಂಗ್ ಮುಗಿದು ಕಡಿದುಹೋಗುತ್ತಿತ್ತು, ಮತ್ತೆ ಒತ್ತುತ್ತಿದ್ದಳು. ರಿಂಗ್ ಆಗುತ್ತಿರುವಷ್ಟು ಹೊತ್ತು ಗಿಡದ ಬುಡದಲ್ಲಿ ಆ ಅಂಗಿ ಇದೆ ಎಂಬುದಷ್ಟೇ ಖಚಿತ. ಅಂಗಿಯ ಒಡೆಯನ ವಿಷಯ ಅದರಿಂದ ಗೊತ್ತಾಗುವುದಿಲ್ಲ. ಅವಳು ನೆಲದ ಮೇಲೆ ಯಾವಾಗ ಕುಳಿತಳೋ ಅವಳಿಗೇ ಅರಿವಿರಲಿಲ್ಲ. ಬೆನ್ನು ಗೋಡೆಗೆ ಆನಿಸಿ, ಮೊಣಕಾಲು ಎದೆಗವುಚಿಕೊಂಡು, ದೇವರ ಹೆಸರು ಕೂಡ ನೆನಪಿಗೆ ಬಾರದೆ ಬರಿದೆ ಒತ್ತುತ್ತಲೇ ಇದ್ದಳು.

ಎತ್ತಿದರು.

"ಏನವ್ವಾ!" ರಾಜಣ್ಣ ಏದುಸಿರು ಬಿಡುತ್ತಿದ್ದ. "ನೀರು ಬುಡಲ್ಲ ಅಂದಿದ್ಯಲ್ಲವ್ವಾ!"

"ರಾಜಣ್ಣ. ಗಂಗಾಲಕ್ಷ್ಮಮ್ಮ ಎಲ್ಲಿ?"

"ಐದಾಳೆ. ಮ್ಯಾಲೆ ಕುಂತವ್ಳೆ. ಪೈಪು ಕೆಮ್ತು ಕಣವ್ವ. ಭೂತ ಕೆಮ್ದಂಗೆ. ಗಾಳಿ ಹೊಡೀತು, ಹಿಂದ್ಲೇ ನೀರು. ಅವ್ಳು ಮರಿ ಹಿಡ್ಕೊಂಡು ಸರಿಯಾಗಿ ಬಾಯಿಗೇ ನಿಂತಿದ್ಲು. ಎಸೆದ್ಬುಡ್ತು ಗ್ವಾಡೆಗೆ. ನಾನು ಸೀರೆ ಸೆರಗು ಹಿಡ್ದೆ. ಇನ್ನೊಂದಿಷ್ಟು ಬಂದಿದ್ರೆ ಇಬ್ರೂ ಹೋಗ್ತಿದ್ವಿ. ಅಷ್ಟ್ರಾಗೆ ನಿಂತೋಯ್ತು. ತಾನಾಗೇ ನಿಂತೋಯ್ತು."

ಪಂಪು ಎದ್ದಿತ್ತು. ಎದ್ದ ಮೇಲೆ ಜಯಕುಮಾರ್ ಲೈನು ತೆಗೆದಿದ್ದ. ನಡುವೆ ಒಂದೆರಡು ಉಸಿರಿನ ಅಂತರ.

"ತಾನಾಗೇ ನಿಂತಿದ್ದಲ್ಲ ರಾಜಣ್ಣ" ಎಂದಳು. "ಸ್ಟೇಷನ್ನಿನವರು ಕರೆಂಟ್ ತೆಗ್ದರು. ನಾನು ತಡೆ ಹಾಕೋಕೆ ಮುಂಚೆನೇ ಇಳೀರಿ ಅಂದ್ಬಿಟ್ಟೆ. ಆಮೇಲೆ ಹಾಕೋಕೆ ಹೋದ್ರೆ ಆಗ್ಲಿಲ್ಲ, ನಾನೇ ಏನೋ ಮಾಡಿ ಇನ್ನೂ ಕೆಡಿಸಿದೆ. ತಪ್ಪು ನಂದೇ."

ಕುರಿಗಳು ಒದರುತ್ತಿದ್ದವು. ಆಮೇಲೆ ಫೋನು ಕೈ ಬದಲಾದ ಗರಗರ ಸದ್ದಾಯಿತು.

"ಯಾರು, ಲೋಹಿತಮ್ಮನಾ? ನಾನು ಗಂಗಾಲಕ್ಷ್ಮಿ."

ಮೂರು ವರ್ಷದಲ್ಲಿ ಆಕೆ ನೇರವಾಗಿ ಮಾತಾಡಿದ್ದು ಅದೇ ಮೊದಲು.

"ಪೆಟ್ಟಾಯ್ತಾ ಅಮ್ಮ?"

"ಮೊಣಕೈ ಕಿತ್ತೈತೆ. ರಕ್ತ ಬತ್ತಾ ಐತೆ, ಸೆರಗು ಸುತ್ತಿವ್ನಿ. ಮರಿ ಹೋಯ್ತು. ಜಾಲ್ರಿಗೆ ಸಿಕ್ಕಾಕ್ಕೊಂತು. ನೀನು ಅಳ್ತಾ ಇದ್ದೀಯಾ?"

"ಇಲ್ಲ."

"ಅಳಬ್ಯಾಡ. ಅತ್ರೆ ಮರಿ ಬತ್ತದಾ? ಇಲ್ಲಿ ಕೇಳು. ಅರ್ಧ ಮಂದೆ ಇನ್ನೂ ಒಣಗಿದ್ದೇ ಐತೆ. ನಾಡಿದ್ದು ಕತ್ತರಿಯೋರು ಬಂದ್ರೆ ತೊಳೀದಿರೋ ಕುರೀನ ಮುಟ್ಟಲ್ಲ, ಎದ್ದು ಹೋಯ್ತಾರೆ. ತೊಳೀಲೇಬೇಕು. ಇನ್ಮ್ಯಾಕೆ ಇಳೀಬೋದಾ?"

ಬಯ್ದಿದ್ದರೆ ಲೋಹಿತಾ ಕೇಳಿಸಿಕೊಳ್ಳಬಹುದಿತ್ತು. ಈ ಪ್ರಶ್ನೆಗೆ ಮಾತ್ರ ಅವಳು ಸಿದ್ಧಳಾಗಿರಲಿಲ್ಲ.

"ಇಲ್ಲ. ಕಾಯಿರಿ. ನಾನು ಮತ್ತೆ ಹೊಡೆಯೋವರೆಗೆ ಯಾರೂ ಕಾಲಿಡಬೇಡಿ."

ಜಯಕುಮಾರನಿಗೆ ಫೋನು ಮಾಡಿದಳು. ಲೈನು ತೆಗೆದಿದೆಯೇ ಎಂದು ಕೇಳಿದಳು. ತೆಗೆದಿದೆ ಎಂದ. ಯಾವ ಲೈನು, ಹೆಸರು ಓದಿ ಎಂದಳು. ಓದಿದ. ಯಾರಾದರೂ ಮತ್ತೆ ಕೊಟ್ಟುಬಿಟ್ಟರೆ ಎಂದಳು.

"ಹ್ಯಾಂಡ್ಲು ಎಳ್ದು ಬೀಗ ಹಾಕಿ, ಬೀಗದ ಕೈ ನನ್ ತಾವ ಇಟ್ಕೊಂಡಿವ್ನಿ ತಾಯಿ. ಮ್ಯಾಲಿನೋರಿಗೆ ಏನ್ ಹೇಳ್ಬೇಕೋ ನಾನ್ ಹೇಳ್ಕೊತೀನಿ. ನೀವು ಹೇಳಿ, ಬದುಕಿದ್ರಾ ಅವ್ರು?"

"ಬದುಕಿದ್ದಾರೆ. ಸಾರ್, ಇನ್ನೊಂದ್ಸಲ ಹೋಗಿ ನೋಡ್ಕೊಂಡ್ ಬನ್ನಿ."

"ಈಗ್ಲೇ ನೋಡ್ದೆನಲ್ಲಮ್ಮಾ?"

"ಇನ್ನೊಂದ್ಸಲ ಸಾರ್."

ಅವನು ಗೊಣಗುತ್ತಾ ಎದ್ದುಹೋದ. ಹಿಂದಿರುಗಿ ಬಂದು, ನೋಡಿದೆ, ಬೀಗ ಎಳೆದೂ ನೋಡಿದೆ ಎಂದ.

ಅವಳು ಗಂಗಾಲಕ್ಷ್ಮಿಗೆ ಫೋನು ಹೊಡೆದಳು. ತನಗೆ ಗೊತ್ತಿರುವುದನ್ನೆಲ್ಲ ಒಂದೊಂದಾಗಿ ಹೇಳಿದಳು. ಕರೆಂಟು ತೆಗೆದಿದ್ದಾರೆ, ಬೀಗ ಹಾಕಿದ್ದಾರೆ, ಬೀಗದ ಕೈ ಅವರ ಹತ್ತಿರವೇ ಇದೆ, ಕರೆಂಟಿಲ್ಲದೆ ಪಂಪು ಏಳುವುದಿಲ್ಲ. "ಆದರೆ ನಾನು ಕಣ್ಣಾರೆ ನೋಡಿಲ್ಲಮ್ಮ. ಅವರು ನೋಡಿ ಹೇಳಿದ್ದು."

"ಆ ಮನುಸನ್ನ ನಾನು ಕಾಣೆ" ಎಂದಳು ಗಂಗಾಲಕ್ಷ್ಮಿ. "ನೀನೇನಂತೀಯ, ಅದ ಹೇಳು."

ಲೋಹಿತಾ ಅಂಗೈ ಮೇಲಿನ ಶಾಯಿಯನ್ನು ನೋಡಿದಳು. ಬೆವರಿಗೆ ಅಂಕಿಗಳೆಲ್ಲ ಕಲಸಿಹೋಗಿದ್ದವು.

"ಇಳೀರಿ" ಎಂದಳು. "ಪೈಪಿನ ಬಾಯಿ ಕಡೆ ಬೇಡ, ಇನ್ನೊಂದು ಮಗ್ಗುಲಿಗೆ ನಿಂತ್ಕೊಳಿ. ಜಾರಿದ್ರೂ ಪರವಾಗಿಲ್ಲ. ಫೋನ್ ಕಟ್ ಮಾಡ್ಬೇಡಿ. ದಡದ ಮೇಲಿಡಿ."

"ಚಾರ್ಜು ಹೋಯ್ತದೆ ಕಣವ್ವ" ಎಂದ ರಾಜಣ್ಣ ಹಿಂದಿನಿಂದ.

"ಹೋಗ್ಲಿ ಬುಡು" ಎಂದಳು ಅವನ ಹೆಂಡತಿ. ಫೋನನ್ನು ಕಲ್ಲಿನ ಮೇಲಿಟ್ಟ ಸದ್ದು ಕೇಳಿತು. ನೀರು ಕದಡಿದ ಸದ್ದು. ಕುರಿಯೊಂದು ಧುಮುಕಿತು, ಇನ್ನೊಂದು ಒಲ್ಲೆನೆಂದು ಒದರಿತು. ಅದರ ಅಪ್ಪ ಅಜ್ಜನನ್ನೆಲ್ಲ ಎತ್ತಿ ಗಂಗಾಲಕ್ಷ್ಮಿ ಬಯ್ಯತೊಡಗಿದಳು, ದನಿಯಲ್ಲಿ ನಡುಕವಿತ್ತು. ಲೋಹಿತಾ ಮಧುಗಿರಿಯ ಆ ಕೋಣೆಯ ನೆಲದ ಮೇಲೆ ಕುಳಿತು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ಒಂದೊಂದು ಕುರಿ ನೀರಿಗೆ ಬಿದ್ದಾಗಲೂ ಅವಳ ಎದೆ ಹಾರಿ ಬೀಳುತ್ತಿತ್ತು. ಸ್ವಲ್ಪ ಹೊತ್ತು ನಿಶ್ಶಬ್ದವಾದರೆ ಅದಕ್ಕಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು. ಮತ್ತೆ ಆ ಹೆಂಗಸು ಯಾವುದೋ ಟಗರನ್ನು ಬಯ್ಯುವವರೆಗೆ ಅವಳು ಉಸಿರು ಬಿಡುತ್ತಿರಲಿಲ್ಲ.